ದಿಬ್ಬದ ಕೆಳಗಿನ ನೆಗ್ಗಿಲು

ಊರಿಗಾಂ
9 ಜೂನ್ 2024, ಭಾನುವಾರ

ಅಕ್ಕಯ್ಯಮ್ಮನವರೇ,

ಈ ಒಂದು ಮಾತನ್ನು ಹೇಳದೆಯೇ ಉಳಿಸಿಬಿಡುವವಳಿದ್ದೆ: ನನ್ನ ಗಂಡನಿಗೆ ಇರುವುದು ಬೆನ್ನುನೋವಲ್ಲ.

ಹೋದ ಭಾನುವಾರ ಪಾಪನಗುಂಟೆಯಲ್ಲಿ ನಿಮ್ಮ ಜಗಲಿಯ ಮೇಲೆ ಕೂತು ಬೆನ್ನುನೋವಿಗೆ ಮದ್ದು ಕೇಳಿದವಳು ನಾನು. ಬಂಗಾರಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಎಂದಿದ್ದೆ, ನೆನಪಿರಬಹುದು. ನನ್ನ ಪಕ್ಕದಲ್ಲಿ ಇನ್ನೂ ನಾಲ್ಕು ಜನ ಇದ್ದರು. ನೀವು ಎಣ್ಣೆಯ ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ "ಬೆನ್ನಿಗೇ ತಾನೆ?" ಎಂದು ಎರಡು ಸಲ ಕೇಳಿದಿರಿ. ಎರಡು ಸಲವೂ ಹೌದೆಂದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ, ಸುಳ್ಳು ಹೇಳಿ ತಂದ ಮದ್ದನ್ನು ಯಾರ ಮೈಗೆ ಹಚ್ಚಲಿ ಎಂದು ಯೋಚಿಸುತ್ತಾ ಕೂತಿದ್ದೆ.

ನೋವು ಇರುವುದು ಕೂತಾಗ ಸೀಟಿಗೆ ತಾಗುವ ಜಾಗದಲ್ಲಿ. ಅಲ್ಲಿಂದ ಕಿಬ್ಬೊಟ್ಟೆಗೆ, ತೊಡೆಸಂದಿಗೆ, ಕೆಲವು ದಿನ ಬೀಜಗಳಿಗೆ ಹರಿಯುತ್ತದೆ. ಮೂತ್ರಕ್ಕೆ ಹೋಗಿ ಬಂದ ಮೇಲೂ ಉರಿ ಉಳಿಯುತ್ತದೆ. ಹದಿನಾಲ್ಕು ತಿಂಗಳಾಯಿತು. ಅವರು ಕೆಜಿಎಫ್–ಬಂಗಾರಪೇಟೆ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ದಿನಕ್ಕೆ ಒಂಬತ್ತು ಗಂಟೆ ಕೂರಲೇಬೇಕು. ಮೊದಲ ಎಂಟು ತಿಂಗಳು ನನಗೂ ಬೆನ್ನು ಎಂದೇ ಹೇಳಿದ್ದರು. ನಾನು ಬೆನ್ನಿಗೆ ಮುಲಾಮು ಹಚ್ಚುತ್ತಿದ್ದೆ, ಅವರು ಸುಮ್ಮನೆ ಹಚ್ಚಿಸಿಕೊಳ್ಳುತ್ತಿದ್ದರು.

ಮೂವರು ಡಾಕ್ಟರುಗಳಿಗೆ ತೋರಿಸಿದ್ದೇವೆ. ರಕ್ತ, ಮೂತ್ರ, ಸ್ಕ್ಯಾನ್, ಎಲ್ಲ ನಾರ್ಮಲ್. ಒಬ್ಬರು ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ಊದಿದ್ದಿರಬಹುದು ಎಂದರು, ಇನ್ನೊಬ್ಬರು ಟೆನ್ಷನ್ ಎಂದರು. ಆ್ಯಂಟಿಬಯಾಟಿಕ್ ಮೂರು ಸುತ್ತು ಆಯಿತು. ನಾನು ಫಾರ್ಮಸಿ ಓದಿದವಳು, ಆ ಮಾತ್ರೆಗಳನ್ನು ನನ್ನ ಕೈಯಿಂದಲೇ ಶೆಲ್ಫಿನಿಂದ ತೆಗೆದು ತಂದೆ. ಒಂದು ತಿಂಗಳು ಕಡಿಮೆ ಇರುತ್ತದೆ, ಮತ್ತೆ ಅದೇ. ಹಾಗಿದ್ದೂ ನಿಮ್ಮಲ್ಲಿಗೆ ಬಂದದ್ದು ನಂಬಿಕೆಯಿಂದಲೋ, ದಿಕ್ಕು ತೋಚದೆಯೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ನೀವು ಫೋನ್ ಇಟ್ಟುಕೊಂಡಿಲ್ಲ ಎಂದು ಕೇಳಿ ನನಗೆ ಒಳ್ಳೆಯದೇ ಅನ್ನಿಸಿತು. ನಮ್ಮದು ಕೆಜಿಎಫ್ ಚಿನ್ನದ ಗಣಿಯವರ ಹಳೆಯ ಲೈನ್ ಮನೆ, ಗೋಡೆಗೆ ಗೋಡೆ ಅಂಟಿದ ಸಾಲು. ಪಕ್ಕದವರು ಕೆಮ್ಮಿದರೆ ನಾವು ನೀರು ತೆಗೆದುಕೊಂಡು ಹೋಗುತ್ತೇವೆ. ಇಂಥ ಮಾತನ್ನು ಇಲ್ಲಿ ಬಾಯಿಬಿಟ್ಟು ಆಡುವಂತಿಲ್ಲ.

ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ನಮಸ್ಕಾರಗಳೊಂದಿಗೆ,
ಕಲ್ಪನ


ಪಾಪನಗುಂಟೆ
19-6-24

ಕಲ್ಪನಮ್ಮಂಗೆ,

ನಿನ್ ಕಾಗ್ದ ಬಂತು. ಅರವತ್ತೊಂಬತ್ ವರ್ಸಕ್ಕೆ ನನ್ ಎಸರಿಗೆ ಬಂದಿದ್ದು ಇದೇ ಮೊದಲ್ನೇದು. ಸಾಕ್ಸರತೆ ಕ್ಲಾಸಾಗೆ ಅಕ್ಸರ ಕಲ್ತು ಇಪ್ಪತ್ತೈದು ವರ್ಸ ಮ್ಯಾಲಾಯ್ತು, ಬಸ್ ಬೋರ್ಡು ಓದೋಕ್ ಬಿಟ್ರೆ ಯಾತಕ್ಕೂ ಬಂದಿರ್ನಿಲ್ಲ. ತಪ್ಪಿದ್ರೆ ನಗಬ್ಯಾಡ.

ಬೆನ್ನುನೋವು ಅಂತ ಬಂದೋಳು ಸೆರಗಿನಾಗೆ ಕಣ್ಣು ವರಸ್ಕೊಳ್ಳಲ್ಲ ಕಣವ್ವ. ಅದ್ಕೇ ಎರಡ್ ಸಲ ಕೇಳ್ದೆ. ಕೊಟ್ಟಿದ್ದು ಬರೀ ಅಳ್ಳೆಣ್ಣೆ. ಯಾರಿಗ್ ಅಚ್ಚಿದ್ರೂ ಕೆಟ್ಟದ್ ಮಾಡಲ್ಲ.

ಈ ನೋವು ಗಂಡಸ್ರಿಗೆ ಬತ್ತದೆ. ನಮ್ಮತ್ತೆ ಕಾಲದಾಗೆ ಎತ್ತಿನ ಗಾಡಿ ವಡಿಯೋರು ಬತ್ತಿದ್ರು. ಈಗ ಆಟೋದೋರು, ಲಾರಿಯೋರು. ಎಲ್ರೂ ಮೊದ್ಲು ಬೆನ್ನು ಅಂತಾರೆ. ಆಮ್ಯಾಕೆ ಸೊಂಟ ಅಂತಾರೆ. ನಿಜವಾದ ಜಾಗಕ್ಕೆ ಇಳಿಯೋ ವೊತ್ಗೆ ಮೂರ್ ತಿಂಗ್ಳು. ನಿನ್ ಗಂಡ ಎಂಟು ತಕ್ಕೊಂಡವ್ನೆ, ವಸಿ ಗಟ್ಟಿ ಆಳು.

ಮದ್ದು ಎಂಡ್ತಿ ಕೈಗೆ ಕೊಡಲ್ಲ. ನೋವಿರೋನೇ ಬರ್ಬೇಕು. ಇನ್ನೊಂದ್ ಮಾತು. ಬಂದೋನ ಎಸರು, ಅವ್ನು ಯೋಳಿದ್ದು, ಇನ್ನೊಬ್ರ ಮುಂದೆ ನಾನು ಎತ್ತಲ್ಲ. ನೀನೇ ಬಂದು ಕೇಳಿದ್ರೂ ಎತ್ತಲ್ಲ. ಮದ್ದು ಅರಿಯೋ ಕಲ್ಲು ನನ್ ಕೈಗೆ ಕೊಡೋವಾಗ ನಮ್ಮತ್ತೆ ನಾಲ್ಗೆ ಮ್ಯಾಲೆ ಉಪ್ಪು ಮಡಗಿ ಆಣೆ ಆಕ್ಸಿದ್ಲು.

ಮೂತ್ರದಾಗೆ ರಕ್ತ ಬಂದ್ರೆ, ಜ್ವರ ಬಂದ್ರೆ, ನೀರೇ ಕಟ್ಕೊಂಡ್ರೆ ನನ್ ತಾವ ಬರ್ಬ್ಯಾಡಿ. ನೆಟ್ಟಗೆ ಆಸ್ಪತ್ರೆ. ಅದಿಲ್ಲ ಅಂದ್ರೆ ಯಾವ್ ದಿನನಾರ ಬರ್ಲಿ.

ಅಕ್ಕಯ್ಯಮ್ಮ


ಊರಿಗಾಂ
21 ಜುಲೈ 2024, ಭಾನುವಾರ

ಅಕ್ಕಯ್ಯಮ್ಮನವರೇ,

ನಿಮಗೆ ಥ್ಯಾಂಕ್ಸ್ ಹೇಳಲು ಕೂತಿದ್ದೇನೆ. ಅವರು ನಿಮ್ಮಲ್ಲಿಗೆ ಹೋಗಿಬಂದು ಮೂರು ವಾರವಾದ ಮೇಲೆ.

ನಿಮ್ಮ ಪತ್ರವನ್ನು ಅವರ ಕಾಫಿ ಲೋಟದ ಪಕ್ಕ ಇಟ್ಟು ನಾನು ಅಡುಗೆಮನೆಯಲ್ಲಿ ನಿಂತುಬಿಟ್ಟೆ. ಓದಿ ಮುಗಿಸಿ ಮೆಲ್ಲಗೆ, ಗೋಡೆಯ ಆಚೆ ಕೇಳದ ಹಾಗೆ, "ಎಷ್ಟ್ ಜನಕ್ಕೆ ಹೇಳಿದೀಯ?" ಎಂದರು.

"ಇವರೊಬ್ಬರಿಗೇ."

"ಎತ್ತಿನ ಗಾಡಿ ಅಂತ ಬರ್ದವ್ರೆ. ನಾನೇನ್ ಎತ್ತಾ?"

"ನೀವು ಗಾಡಿ ಹೊಡೆಯೋರು. ಎತ್ತು ಬೇರೆ."

ನಕ್ಕರು. ಆ ನಗು ನಮ್ಮ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

ವಾರದ ರಜೆಯ ದಿನ ಒಬ್ಬರೇ ಹೋದರು. ಬರುವಾಗ ನೆಗ್ಗಿಲ ಮುಳ್ಳಿನ ಪೊಟ್ಟಣ, ಜವೆಗೋಧಿ, ಕೊತ್ತಂಬರಿ ಬೀಜ ತಂದರು. ಹರಳೆಲೆ ಹಾಕಿ ಕುದಿಸಿದ ನೀರಿನ ತೊಟ್ಟಿಯಲ್ಲಿ ಕೂರಬೇಕಂತೆ. ಬಟ್ಟೆ ನೆನೆಸುವ ದೊಡ್ಡ ಅಲ್ಯೂಮಿನಿಯಂ ಟಬ್ ಈಗ ಅವರದಾಗಿದೆ. ದಿನಾ ಸಂಜೆ ಬಚ್ಚಲಿನಲ್ಲಿ ಅದರೊಳಗೆ ಕೂತು ರೇಡಿಯೋ ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ಸೆಲ್ವಿ, "ಏನಕ್ಕಾ, ಅಣ್ಣ ಡೈಲಿ ಅರ್ಧ ಗಂಟೆ ಸ್ನಾನ ಮಾಡ್ತಾರೆ, ಮಾಪ್ಳೈ ಆಗ್ತಿದಾರಾ?" ಎಂದು ಕೇಳಿದಳು. ಮದುಮಗನಾಗುವ ವಯಸ್ಸು ದಾಟಿ ಇಪ್ಪತ್ತು ವರ್ಷವಾಯಿತು ಎಂದೆ.

ನಿಮ್ಮಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಅವರಾಗಿಯೇ ಒಂದು ಮಾತು ಹೇಳಿದರು. "ಆ ಅಜ್ಜಿ ನನ್ನ ಕೂತ್ಕೋ ಅನ್ಲಿಲ್ಲ ಕಣೇ. ನಿಂತ್ಕಂಡೇ ಯೋಳಪ್ಪ ಅಂದ್ರು. ಅವ್ರೂ ನಿಂತ್ಕಂಡೇ ಕೇಳುದ್ರು." ಹದಿನಾಲ್ಕು ತಿಂಗಳು ನೋಡಿದ ಪ್ರತಿ ಡಾಕ್ಟರೂ ಮೊದಲು ಆಡಿದ ಮಾತು "ಕೂತ್ಕೊಳ್ಳಿ" ಎಂಬುದೇ. ಅದು ಅವರಿಗೆ ಎಷ್ಟು ಕಷ್ಟದ ಮಾತೆಂದು ನನಗೂ ಹೊಳೆದಿರಲಿಲ್ಲ. ಮನೆಗೆ ಬಂದ ತಕ್ಷಣ ನಾನೂ ಅದನ್ನೇ ಹೇಳುತ್ತಿದ್ದೆ.

ನೋವು ಹೋಗಿಲ್ಲ. ಕಡಿಮೆಯಾಗಿದೆ. ಮೊನ್ನೆ ಊಟಕ್ಕೆ ಕೂತವರು ನಾನು ಪಾತ್ರೆ ತೆಗೆಯುವವರೆಗೂ ಎದ್ದಿರಲಿಲ್ಲ. ಇಷ್ಟನ್ನು ನಿಮಗೆ ತಿಳಿಸಬೇಕೆನಿಸಿತು.

ಕೃತಜ್ಞತೆಯಿಂದ,
ಕಲ್ಪನ


ಊರಿಗಾಂ
8 ಸೆಪ್ಟೆಂಬರ್ 2024, ಭಾನುವಾರ

ಅಕ್ಕಯ್ಯಮ್ಮನವರಿಗೆ,

ಮದ್ದು ನಿಲ್ಲಿಸಿದ್ದೇವೆ.

ಆಗಸ್ಟ್ ಕೊನೆಯ ವಾರ ಅವರಿಗೆ ವಾಂತಿ ಶುರುವಾಯಿತು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸ್ಟೀರಿಂಗ್ ಮೇಲೆ ತಲೆಯಿಟ್ಟವರನ್ನು ಕಂಡಕ್ಟರ್ ಕೆಳಗಿಳಿಸಿದ. ಭೇದಿ, ಕಾಲು ಜೋಮು, ಮೈಯೆಲ್ಲ ಬೆವರು. ಆರು ದಿನ ಆಸ್ಪತ್ರೆಯಲ್ಲಿದ್ದರು. ಒಳಗೆ ಏನೋ ವಿಷ ಸೇರಿದೆ, ಏನೆಂದು ಖಚಿತವಾಗಿ ಹೇಳಲಾರೆ, ಏನು ಕುಡಿಯುತ್ತಿದ್ದರು ಎಂದು ಡಾಕ್ಟರ್ ಕೇಳಿದರು. ನೆಗ್ಗಿಲ ಕಷಾಯ ಎಂದೆ. ಆ ಡಾಕ್ಟರು ನನ್ನ ಮುಖ ನೋಡಿದರು. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು.

ನೀವು ಕೊಟ್ಟ ಪೊಟ್ಟಣದಲ್ಲಿ ಏನಿತ್ತು? ಅದರಲ್ಲಿ ಬೇರೆ ಏನನ್ನಾದರೂ ಸೇರಿಸಿದ್ದಿರಾ? ಕೇಳಬೇಕಾದ ಪ್ರಶ್ನೆಯನ್ನು ನಾನು ಜೂನ್‌ನಲ್ಲೇ ಕೇಳಬೇಕಿತ್ತು. ಓದಿದವಳು ಓದಿದ್ದನ್ನು ಮರೆತೆ.

ಅಂಗಡಿಯಲ್ಲಿ ಇಬ್ಬರು ಹೆಂಗಸರು ನಿಮ್ಮ ಹೆಸರೆತ್ತಿ ಹೋಗಬಹುದೇ ಎಂದು ವಿಚಾರಿಸಿದರು. ನನಗೆ ಗೊತ್ತಿರುವ ಒಬ್ಬ ಗಂಡಸು ಆ ಮದ್ದಿನಿಂದ ಸಾಯುವ ಹಾಗಾಗಿದ್ದಾನೆ, ಹೋಗಬೇಡಿ ಎಂದೆ. ಬೆನ್ನ ಹಿಂದೆ ಹೇಳಿ ಸುಮ್ಮನಿರಬಾರದೆಂದು ನಿಮಗೇ ಬರೆಯುತ್ತಿದ್ದೇನೆ.

ಕಲ್ಪನ


ಪಾಪನಗುಂಟೆ
16-9-24

ಕಲ್ಪನಮ್ಮ,

ಓದ್ದೆ. ಈಗ ಎಂಗವ್ನೆ? ಗಂಜಿ ಕೊಡು, ಉಪ್ಪು ವಸಿ ಜಾಸ್ತಿ ಆಕು. ಡಾಕ್ಟ್ರು ಯೋಳ್ದಂಗೇ ಕೇಳು.

ಮನೆಯಾಗೆ ಮಿಕ್ಕಿರೋ ನೆಗ್ಗಿಲನ್ನ ಒಂದ್ ಮುಳ್ಳೂ ಬಿಡ್ದಂಗೆ ಉಡುಕಿ ತಗುದು ಗುಂಡಿ ತೋಡಿ ಊತಾಕು. ಉಡುಕಿ ಅಂತ ಬರ್ದೀನಿ. ನಿನ್ ಕಣ್ಣಿಗೆ ಬೀಳೋ ಡಬ್ಬಿಯಾಗಿರೋದಷ್ಟೇ ಅಲ್ಲ.

ಅಂಗ್ಡಿಯಾಗೆ ಯೋಳಿದ್ದು ನಿಂಗೆ ಸರಿ ಅನ್ಸಿದ್ರೆ ಸರಿ. ನಾನ್ ಬ್ಯಾರೆ ಏನೂ ಬರ್ಯಂಗಿಲ್ಲ.

ಅಕ್ಕಯ್ಯಮ್ಮ


ಊರಿಗಾಂ
24 ನವೆಂಬರ್ 2024, ಭಾನುವಾರ

ಅಕ್ಕಯ್ಯಮ್ಮನವರೇ,

ಎರಡು ತಿಂಗಳು ನಿಮಗೆ ಬರೆಯಲಿಲ್ಲ. ಈ ಮೂರು ವಾರದಲ್ಲಿ ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನಿಮ್ಮ ಪತ್ರ ಓದಿದಾಗ ನನಗೆ ಕೋಪವಿತ್ತು. ಡಬ್ಬಿಯಲ್ಲಿದ್ದುದನ್ನು ಚೆಲ್ಲಿದೆ, ಹುಡುಕಲಿಲ್ಲ. "ಹುಡುಕಿ" ಎಂದು ನೀವು ಎರಡು ಸಲ ಬರೆದದ್ದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ದೀಪಾವಳಿಗೆ ಮನೆ ತೊಳೆಯುವಾಗ ಬಚ್ಚಲಿನ ಅಟ್ಟದಲ್ಲಿ ಅವರ ಹಳೆಯ ಖಾಕಿ ಬ್ಯಾಗು ಸಿಕ್ಕಿತು. ಒಳಗೆ ಅರ್ಧ ಚೀಲ ನೆಗ್ಗಿಲು, ಬೇರುಸಹಿತ ಕಿತ್ತು ಒಣಗಿಸಿದ್ದು. ಕೈ ಹಾಕಿದಾಗ ಬೆರಳಿಗೆ ಹಿಟ್ಟಿನಂಥ ಬಿಳಿ ಧೂಳು ಅಂಟಿತು. ಕೆಜಿಎಫ್‌ನಲ್ಲಿ ಬೆಳೆದವರು ಯಾರೂ ಆ ಧೂಳನ್ನು ಬೇರೆ ಎಂದುಕೊಳ್ಳುವುದಿಲ್ಲ. ಬೇಸಿಗೆಯ ಗಾಳಿಗೆ ಒಣಗಲು ಹಾಕಿದ ಬಟ್ಟೆ, ಮುಚ್ಚಿಟ್ಟ ಅನ್ನ, ಎಲ್ಲದರ ಮೇಲೂ ಕೂರುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಸುರಿದು ಸುರಿದು ಗುಡ್ಡವಾದ ನಮ್ಮ ಸೈನೈಡ್ ದಿಬ್ಬದ ಧೂಳು.

ಅವರು ಡ್ಯೂಟಿ ಮುಗಿಸಿ ಬಂದಾಗ ಬ್ಯಾಗನ್ನು ಬಾಗಿಲಲ್ಲೇ ಇಟ್ಟಿದ್ದೆ.

"ಎಲ್ಲಿಂದ ತಂದ್ರಿ ಇದನ್ನ?"

"ದಿಬ್ಬದ ಕೆಳಗಿಂದ."

"ಯಾಕೆ?"

"ಅಲ್ಲಿ ಸೊಂಪಾಗಿ ಬೆಳ್ದಿತ್ತು. ಬೇರೆ ಏನೂ ಬೆಳ್ಯಲ್ಲ, ಅದೊಂದು ಬೆಳ್ದಿತ್ತು. ನಾನು ಹುಟ್ಟಿದ್ದೇ ಆ ದಿಬ್ಬದ ಬುಡದಾಗೆ. ಚಿಕ್ಕವನಿದ್ದಾಗ ತಗಡು ಇಟ್ಕೊಂಡು ಅದ್ರ ಮೇಲಿಂದ ಜಾರಿದೀನಿ. ಐವತ್ತು ವರ್ಷ ಆ ಧೂಳು ಉಸಿರಾಡಿ ಏನೂ ಆಗ್ದಿರೋನಿಗೆ ಅದ್ರ ಮೇಲಿನ ಗಿಡ ಕುಡುದ್ರೆ ಏನಾಗುತ್ತೆ ಅನ್ಕೊಂಡೆ."

"ಅಜ್ಜಿ ಊರಿಗೆ ಹೋಗಿ ತರಬಹುದಿತ್ತಲ್ಲ."

ಅವರು ಬ್ಯಾಗಿನ ಬಾಯಿ ಮುಚ್ಚಿದರು. ನಂತರ ನಿಧಾನವಾಗಿ ಒಂದೊಂದೇ ಹೊರಬಂತು. ಎರಡನೇ ಸಲ ನಿಮ್ಮೂರಿಗೆ ಹೋಗಿಬಂದ ಮರುದಿನ ಅವರ ಕಂಡಕ್ಟರ್ ರಾಜ್‌ಕುಮಾರ್ ತುಂಬಿದ ಬಸ್ಸಿನಲ್ಲಿ, "ಏನ್ಣಾ, ಪಾಪನಗುಂಟೇಲಿ ಸೆಕೆಂಡ್ ಫ್ಯಾಮಿಲೀನಾ?" ಎಂದು ಕೂಗಿದನಂತೆ. ಎಲ್ಲರೂ ನಕ್ಕರಂತೆ. ಹೆಂಡತಿಗೆ ಗೊತ್ತಿಲ್ಲದ ಸಂಸಾರವಿದೆ ಎಂದರೆ ಸಹಿಸಿಕೊಳ್ಳಬಹುದು, ನಿಜ ಗೊತ್ತಾದರೆ ಎಂದು ಹೆದರಿ, ನಿಮ್ಮೂರಿಗೆ ಓಡಾಡುವುದು ತಪ್ಪಲೆಂದು ಗಿಡವನ್ನು ಇಲ್ಲೇ ಹುಡುಕಿದರಂತೆ. ಮೂರನೇ ಸಲ ಬಂದದ್ದು ಆಗಸ್ಟ್ ಮೊದಲ ವಾರ, ಕೈಯಲ್ಲಿ ದಿಬ್ಬದ ಬುಡದ ಗಿಡ ಹಿಡಿದುಕೊಂಡು, ಇದೇ ತಾನೆ ಎಂದು ಕೇಳಲು. ನೀವು ಅದನ್ನು ಮದ್ದಿನ ಕಲ್ಲಿನ ಮೇಲೆ ಒದರಿ, ಬಿದ್ದ ಬಿಳಿ ಪುಡಿ ತೋರಿಸಿ, ಇದನ್ನು ಕುಡೀಬೇಡ ಎಂದಿರಂತೆ. ನಿಮ್ಮ ಕಣ್ಣೆದುರಿಗೇ ಎಸೆಸಿದಿರಂತೆ. ಅವರು ಹೂಂ ಎಂದು ಬಂದು ಮತ್ತೆ ಅಲ್ಲಿಂದಲೇ ಕಿತ್ತರು.

ಅಂದರೆ ಸೆಪ್ಟೆಂಬರಿನಲ್ಲಿ ನನ್ನ ಪತ್ರ ನಿಮ್ಮ ಕೈಗೆ ಬಂದಾಗ ನಿಮಗೆ ಎಲ್ಲ ಗೊತ್ತಿತ್ತು. ಒಂದೇ ಒಂದು ಸಾಲು ಬರೆದಿದ್ದರೆ ನಾನು ಬಾಯಿ ಮುಚ್ಚುತ್ತಿದ್ದೆ. ನೀವು ಗಂಜಿಗೆ ಉಪ್ಪು ಜಾಸ್ತಿ ಹಾಕು ಎಂದು ಬರೆದಿರಿ.

ಮೊನ್ನೆ ನಿಮ್ಮೂರ ಪಕ್ಕದ ಹಳ್ಳಿಯ ಚಿಕ್ಕವೆಂಕಟಮ್ಮ ಬಿಪಿ ಮಾತ್ರೆಗೆ ಬಂದಿದ್ದರು. "ಅಕ್ಕಯ್ಯಮ್ಮನ ಜಗಲಿ ಮ್ಯಾಲೆ ಈಗ ಕೋಳಿ ಮಲಗ್ತವೆ ಕಣಮ್ಮ. ಯಾವನ್ಗೋ ಇಸ ಆಕ್ಬಿಟ್ಲಂತೆ. ಪಂಚಾಯ್ತಿಯೋರು ಬಂದು ಯಾರವ್ನು ಯೋಳು, ಇಲ್ದಿದ್ರೆ ಮದ್ದು ಕೊಡೋದ್ ನಿಲ್ಸು ಅಂದ್ರೆ, ಮುದ್ಕಿ ಮದ್ದಿನ ಕಲ್ಲು ಎತ್ತಿ ಒಳೀಕ್ ಮಡಗಿದ್ಲು, ಎಸರು ಮಾತ್ರ ಯೋಳ್ನಿಲ್ಲ" ಎಂದರು. ನಾನು ಮಾತ್ರೆ ಎಣಿಸುತ್ತಿದ್ದೆ. ಎಣಿಕೆ ತಪ್ಪಿ ಮೂರು ಸಲ ಎಣಿಸಿದೆ. ಆ ವಿಷದ ಸುದ್ದಿ ಹುಟ್ಟಿದ್ದು ಇದೇ ಕೌಂಟರಿನಿಂದ.

ನಾನು ಹೇಳಿದ್ದು ಸುಳ್ಳು ಎಂದು ಈಗ ಹೇಳಬೇಕು. ಬರೀ "ತಪ್ಪಾಯಿತು" ಎಂದರೆ ಯಾರೂ ನಂಬುವುದಿಲ್ಲ, ಮುದುಕಿ ಪಾಪ ಎಂದು ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ನಂಬಬೇಕಾದರೆ ಆ ಗಂಡಸು ಯಾರು, ಏನು ಮಾಡಿಕೊಂಡ ಎಂದು ಹೇಳಬೇಕು. ಅವರಿಗೆ ಹೇಳಿದೆ. "ಅಜ್ಜಿ ಹೆಸರು ತೊಳ್ಯೋಕೆ ನನ್ ಹೆಸರು ಬೀದಿಗೆ ಹಾಕ್ತೀಯ?" ಎಂದರು. ಸಿಟ್ಟಿನಿಂದಲ್ಲ, ಹೆದರಿ. ಅವರ ಮಾತು ನನಗೆ ಅರ್ಥವಾಯಿತು. ನಿಮ್ಮ ಖಾಲಿ ಜಗಲಿಯೂ ಕಣ್ಣಿಗೆ ಕಟ್ಟಿದೆ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಹೇಗೆ ಇರಲಿ?

ಕ್ಷಮೆ ಕೇಳುವುದು ಸುಲಭ ಎನ್ನಿಸುತ್ತಿದೆ, ಅದಕ್ಕೇ ಅದನ್ನು ಕೊನೆಗಿಟ್ಟೆ. ಕ್ಷಮಿಸಿ.

ಕಲ್ಪನ


ಪಾಪನಗುಂಟೆ
5-12-24

ಕಲ್ಪನಮ್ಮಂಗೆ,

ಅವ್ನು ವಪ್ಪದೆ ನೀನು ಒಂದ್ ಮಾತೂ ಆಡ್ಬ್ಯಾಡ. ಜಗಲಿ ಖಾಲಿ ಆದ್ರೆ ಗುಡ್ಸೋದು ಕಮ್ಮಿ. ಕೋಳಿ ಮೊಟ್ಟೆ ಇಕ್ತಾವೆ.

ನಿನ್ ಮ್ಯಾಲೆ ನಂಗೆ ಕ್ವಾಪ ಇಲ್ಲ. ಗಂಡ ಸಾಯೋಂಗಾದಾಗ ಯಾರಿಗಾನ ಬಯ್ಯದಿದ್ರೆ ಅದೇ ಕೆಟ್ಟದ್ದು.

ಆದ್ರೆ ನಾನೂ ಒಂದ್ ತಪ್ಪು ಮಾಡಿವ್ನಿ, ಅದ್ನ ಯೋಳ್ತೀನಿ. ಕುರಿ ಬಾಯಾಕೋ ಜಾಗದಾಗೆ ಬೆಳ್ದಿರೋ ನೆಗ್ಗಿಲೇ ಕೀಳ್ಬೇಕು, ಕುರಿ ಮೂಸಿ ವೋಗೋ ಕಡೆ ಬ್ಯಾಡ ಅಂತ ಅವ್ನಿಗೆ ಯೋಳಿದ್ದೆ. ಅವ್ನು ಆ ಬಿಳೀ ಧೂಳಿಂದು ತಂದಾಗ ಬ್ಯಾಡ ಅಂದೆ, ಅವ್ನು ಊಂ ಅಂದ. ಆ ಊಂ ನಾನು ನಂಬ್ನಿಲ್ಲ. ನಂಬದೇ ಇದ್ದೋಳು ಅವತ್ತೇ ನಿಂಗೆ ಒಂದ್ ಕಾಗ್ದ ಆಕ್ಬೋದಿತ್ತು. ಆಣೆ ನೆನಸ್ಕೊಂಡು ಸುಮ್ಕಾದೆ. ಇಪ್ಪತ್ ದಿನಕ್ಕೆ ಅವ್ನು ಆಸ್ಪತ್ರೆ ಸೇರ್ದ. ನಮ್ಮತ್ತೆ ಉಪ್ಪು ಮಡಗಿದ್ದು ಎಸರು ಕಾಯೋಕೆ. ಜೀವ ವೋದ್ರೂ ಬಾಯ್ ಬಿಡ್ಬ್ಯಾಡ ಅಂತ ಅಲ್ಲ ಅನ್ನೋದು ಆಮ್ಯಾಕೆ ವೊಳೀತು. ಈ ವಯಸ್ನಾಗೆ ವೊಳೀತು.

ಅದ್ಕೇ ಪಂಚಾಯ್ತಿಯೋರು ಬಂದಾಗ ನಾನು ಜಗಳ ಆಡ್ನಿಲ್ಲ. ವಸಿ ನಂದೂ ಇತ್ತು.

ಆಸ್ಪತ್ರೆಯಾಗೆ ನಿಜ ಯೋಳಿದೀರಾ? ಮೊದ್ಲು ಅದ್ ಮಾಡಿ. ಡಾಕ್ಟ್ರಿಗೆ ಅರ್ಧ ಯೋಳಿದ್ರೆ ಅವ್ರು ಅರ್ಧಕ್ಕೇ ಮದ್ದು ಕೊಡೋದು.

ಅಕ್ಕಯ್ಯಮ್ಮ


ಊರಿಗಾಂ
9 ಫೆಬ್ರವರಿ 2025, ಭಾನುವಾರ

ಅಕ್ಕಯ್ಯಮ್ಮನವರೇ,

ಡಿಸೆಂಬರಿನಲ್ಲೇ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿದೆವು. ದಿಬ್ಬ, ಧೂಳು, ಕಷಾಯ. ಹೇಳಿದವರು ಅವರೇ, ನಿಂತುಕೊಂಡೇ. ಡಾಕ್ಟರು ಬಯ್ಯಲಿಲ್ಲ, ಬರೆದುಕೊಂಡರು, ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಈಗ ಭಯವಿಲ್ಲ ಎಂದಿದ್ದಾರೆ. ಹಳೆಯ ನೋವಿನ ಬಗ್ಗೆಯೂ ಆ ಡಾಕ್ಟರು ಮೊದಲ ಸಲ ಪೂರ್ತಿ ಕೇಳಿದರು. ಕೆಳಗಿನ ಸ್ನಾಯುಗಳು ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡಿವೆ, ಬಿಡುವುದನ್ನು ಕಲಿಸಬೇಕು ಎಂದು ಕೋಲಾರದ ಒಬ್ಬ ಫಿಜಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ದಿನಾ ಬೆಳಿಗ್ಗೆ ಚಾಪೆಯ ಮೇಲೆ ಮಲಗಿ ಉಸಿರಾಟದ ಅಭ್ಯಾಸ. ನಿಮ್ಮ ಹರಳೆಲೆಯ ನೀರನ್ನು ಬಿಡಬೇಡಿ, ಬಿಸಿನೀರು ಒಳ್ಳೆಯದೇ ಎಂದರು. ಕುಡಿಯುವ ಕಷಾಯ ಮಾತ್ರ ಸದ್ಯ ಬೇಡ ಎಂದರು. ನೋವು ಅರ್ಧಕ್ಕೆ ಇಳಿದಿದೆ. ಯಾವುದರಿಂದ ಇಳಿಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅದು ಇಳಿಯಲು ಶುರುವಾದದ್ದು ಮಾತ್ರ ಅವರು ನಿಮ್ಮೆದುರು ನಿಂತು ಹೇಳಿಕೊಂಡ ದಿನದಿಂದ.

ನೀವು ಹೇಳಿದಂತೆ ಅವರು ಒಪ್ಪುವವರೆಗೆ ನಾನು ಯಾರಿಗೂ ಏನೂ ಹೇಳಲಿಲ್ಲ. ಕೇಳಲೂ ಇಲ್ಲ. ಆ ಎರಡು ತಿಂಗಳು ಚಿಕ್ಕವೆಂಕಟಮ್ಮ ಅಂಗಡಿಗೆ ಬಂದರೆ ನಾನು ಒಳಗೆ ಸ್ಟಾಕ್ ನೋಡಲು ಹೋಗುತ್ತಿದ್ದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಹೋದ ಸೋಮವಾರ ಅವರು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತರು. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸರು ನಿಮ್ಮ ಮಾತೆತ್ತಿದರಂತೆ. ರಾಜ್‌ಕುಮಾರ್ ಬಾಗಿಲಲ್ಲಿ ನೇತಾಡುತ್ತಾ, "ಅಜ್ಜಿ ಮದ್ದು ಕುಡ್ದೋನು ಡೈರೆಕ್ಟಾ ಮೇಲಕ್ಕೇ, ಅದ್ಕೆ ಟಿಕೆಟ್ಟೂ ಬೇಡ, ಸ್ಟಾಪೂ ಇಲ್ಲ" ಎಂದನಂತೆ. ಬಸ್ಸೆಲ್ಲ ನಕ್ಕಿತಂತೆ.

"ನಾನೂ ನಕ್ಕೆ ಕಣೇ" ಎಂದರು. "ಸ್ಟೀರಿಂಗ್ ಹಿಡ್ಕೊಂಡು ಎಲ್ಲರ ಜೊತೆ ನಕ್ಕೆ. ಆ ನಗು ಎಲ್ಲಿಂದ ಬಂತೋ."

ಊಟ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಅಜ್ಜಿ ಊರಿನ ಪೋಸ್ಟ್‌ಮ್ಯಾನು ಮುನಿಸ್ವಾಮಪ್ಪ ಅಲ್ವಾ?"

ಮುನಿಸ್ವಾಮಪ್ಪನವರ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಊರಿಗೆ ಬರುವ ಟಪಾಲಿನ ಚೀಲವನ್ನು ಬಂಗಾರಪೇಟೆಯಲ್ಲಿ ಅವರ ಕೈಗೆ ಕೊಡುವ ಬಸ್ಸಿನವರೆಲ್ಲ ಅವರನ್ನು ರೇಡಿಯೋ ಎನ್ನುತ್ತಾರಂತೆ. ಯಾರಿಗೆ ಕಾರ್ಡು ಬಂದರೂ ಅವರು ಅರಳಿಕಟ್ಟೆಯಲ್ಲಿ ಕೂತು ಮೊದಲು ತಾವು ಓದಿ, ಕೂತವರಿಗೆ ಓದಿಹೇಳಿ, ಆಮೇಲೆ ಮನೆಗೆ ಕೊಡುತ್ತಾರಂತೆ. ಲಕೋಟೆಯನ್ನು ಮಾತ್ರ ಮುಟ್ಟುವುದಿಲ್ಲ, ಅಷ್ಟು ಮರ್ಯಾದೆ ಉಂಟಂತೆ.

"ಈ ಸಲ ಲಕೋಟೆ ಬೇಡ. ಕಾರ್ಡ್‌ನಾಗೆ ಬರಿ" ಎಂದರು.

ನಾನು ಬರೆದೆ. ನನ್ನ ಮೊದಲ ಸಾಲಿನಲ್ಲಿ "ನನ್ನ ಯಜಮಾನರಿಗೆ ದೇಹದ ಕೆಳಭಾಗದಲ್ಲಿ ತೊಂದರೆ" ಎಂದಿತ್ತು. ಓದಿ, "ಇದೇನ್ ಕಾಲುನೋವಾ? ಸರಿಯಾಗಿ ಬರಿ" ಎಂದರು. ತಿದ್ದಿದೆ. "ಯಜಮಾನ್ರು ಅಂದ್ರೆ ಯಾರು ಬೇಕಾದ್ರೂ ಆಗ್ಬೋದು" ಎಂದರು. ಮತ್ತೆ ತಿದ್ದಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವರ ಹೆಸರನ್ನು ನಾನು ಕಾಗದದ ಮೇಲೆ ಬರೆದದ್ದು ರೇಷನ್ ಕಾರ್ಡಿನ ಅರ್ಜಿ ಬಿಟ್ಟರೆ ಇದೇ ಮೊದಲು. ನಾಲ್ಕು ಕಾರ್ಡು ಹಾಳಾದವು. ಐದನೆಯದನ್ನು ಇಲ್ಲಿ ನಕಲು ಮಾಡಿದ್ದೇನೆ:

"ಅಕ್ಕಯ್ಯಮ್ಮನವರಿಗೆ. ಕೆಜಿಎಫ್ ಬಸ್ಸಿನ ಡ್ರೈವರ್ ಚಲಪತಿಗೆ ಕೂರುವ ಜಾಗದಲ್ಲಿ, ಬೀಜಗಳಲ್ಲಿ, ಮೂತ್ರದ ದಾರಿಯಲ್ಲಿ ಎರಡು ವರ್ಷದಿಂದ ನೋವಿತ್ತು. ನಿಮ್ಮ ಮದ್ದಿನಿಂದ ಅವರಿಗೆ ಕೆಟ್ಟದ್ದಾಗಲಿಲ್ಲ. ಸೈನೈಡ್ ದಿಬ್ಬದ ಬುಡದ ಗಿಡವನ್ನು ನೀವು ಬೇಡವೆಂದರೂ ಅವರೇ ಕಿತ್ತು ಕುಡಿದು ಆಸ್ಪತ್ರೆ ಸೇರಿದರು. ಗೊತ್ತಿಲ್ಲದೆ ನಿಮ್ಮ ಮೇಲೆ ಅಪವಾದ ಹೊರಿಸಿದವಳು ಅವರ ಹೆಂಡತಿ, ಬಂಗಾರಪೇಟೆ ಔಷಧಿ ಅಂಗಡಿಯ ಕಲ್ಪನ. ನೀವು ಅವರ ಹೆಸರನ್ನು ಯಾರಿಗೂ ಹೇಳಲಿಲ್ಲ. ಅದಕ್ಕೇ ನಾವು ಹೇಳುತ್ತಿದ್ದೇವೆ. ನಿಮ್ಮ ಋಣಿಗಳು, ಚಲಪತಿ ಮತ್ತು ಕಲ್ಪನ."

ಚಲಪತಿ ಎಂದು ಅವರೇ ಸಹಿ ಮಾಡಿದ್ದಾರೆ. ಕೂತು ಮಾಡಿದರು.

ಕಾರ್ಡು ನಿಮ್ಮೂರಿನ ಮಾತಾದರೆ ನಮ್ಮ ಬಸ್ಸಿನ ಮಾತಾಗಲು ಎರಡು ದಿನ ಸಾಕು. ರಾಜ್‌ಕುಮಾರ್ ಏನೆನ್ನುತ್ತಾನೆ ಎಂದು ಕೇಳಿದೆ. "ಅಂದ್ಕೊಳ್ಲಿ. ಅವನೂ ದಿನಾ ನಿಂತ್ಕಂಡೇ ಕೆಲ್ಸ ಮಾಡ್ತಾನೆ, ಒಂದಿನ ಕೂರೋಕೆ ಕಷ್ಟ ಆದ್ರೆ ಯಾರ್ ತಾವ ಹೋಗ್ಬೇಕು ಅಂತ ಗೊತ್ತಿರ್ಲಿ" ಎಂದರು. ಅಂಗಡಿಯಲ್ಲಿ ನಾನು ಹೇಳುವುದನ್ನು ಕಾರ್ಡು ಹೋದ ದಿನವೇ ಶುರುಮಾಡುತ್ತೇನೆ, ಮೊದಲು ಚಿಕ್ಕವೆಂಕಟಮ್ಮನವರಿಗೆ.

ನಾವಾಗಿ ಹೇಳಿದರೆ ನಿಮ್ಮ ಆಣೆ ಮುರಿಯುವುದಿಲ್ಲ ಎಂದುಕೊಂಡಿದ್ದೇನೆ. ಆದರೂ ನಿಮ್ಮ ಹೆಸರನ್ನು ಅರಳಿಕಟ್ಟೆಯಲ್ಲಿ ಓದಿಸುವ ಕೆಲಸವನ್ನು ನಿಮ್ಮನ್ನು ಒಂದು ಮಾತು ಕೇಳದೆ ಮಾಡಬಾರದು. ಹಿಂದೊಮ್ಮೆ ಕೇಳದೆ ಮಾಡಿದ್ದು ಸಾಕು. ಅದಕ್ಕೇ ಈ ಲಕೋಟೆ ಮುಂದಾಗಿ ಬರುತ್ತಿದೆ. ಬೇಡವೆಂದರೆ ಒಂದು ಸಾಲು ಬರೆಯಿರಿ. ನಿಮ್ಮ ಕಾಗದಕ್ಕೆ ಎರಡು ವಾರ ಕಾಯುತ್ತೇವೆ.

ನೀವು ಅವರನ್ನು ಕೂರಿಸದೆ ಕೇಳಿದ್ದಕ್ಕೆ, ನನ್ನ ಕೆಟ್ಟ ಪತ್ರಕ್ಕೆ ಗಂಜಿಯ ಮಾತು ಬರೆದದ್ದಕ್ಕೆ, ನಿಮ್ಮ ತಪ್ಪನ್ನೂ ನನಗೆ ಹೇಳಿದ್ದಕ್ಕೆ, ನಾನು ಏನು ಹೇಳಿದರೂ ಕಡಿಮೆ.

ನಿಮ್ಮ,
ಕಲ್ಪನ

ಕಾರ್ಡನ್ನು ಊರಿಗಾಂ ಅಂಚೆ ಡಬ್ಬಿಗೆ ಹಾಕುವ ದಿನ: ಸೋಮವಾರ, 24 ಫೆಬ್ರವರಿ 2025.